ಗಡಿಯಾರನ ಎಡಗೈ

ನಮ್ಮ ವಿಭಾಗದ ಅಟೆಂಡರ್ ತೀರಿಕೊಂಡ ಇಪ್ಪತ್ತೆಂಟನೆಯ ದಿನ ಅವನ ಹೆಂಡತಿ ಬಂದು ನನ್ನ ಮೇಜಿನ ಮುಂದೆ ಕುಳಿತರು. ಕೈಯಲ್ಲಿ ಅವನ ಗುರುತಿನ ಚೀಟಿ, ಟೀ ಕೋಣೆಯ ಕೀಲಿ, ತೊಳೆದು ಒರೆಸಿದ ಫ್ಲಾಸ್ಕು. ವಿಶ್ವವಿದ್ಯಾಲಯದ್ದನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಲು ಬಂದಿದ್ದರು. ಒಪ್ಪಿಸಿದರು, ರಸೀದಿ ಪಡೆದರು, ಎದ್ದು ನಿಂತರು, ಮತ್ತೆ ಕುಳಿತರು.

"ಅವರು ನಡೆಯೋದು ನಿಮ್ಮ ಕಂಪ್ಯೂಟರಲ್ಲಿ ಇದೆಯಂತೆ, ಹೌದಾ?"

"ಇದೆ ಅತ್ತಿಗೆ."

"ನಾಡಿದ್ದು ಅಳಿಸ್ತೀರಂತೆ. ಕಾಗದ ಬಂದಿತ್ತು."

ಕಾಗದ ಕಳಿಸಿದವನು ನಾನೇ. ಹೌದೆಂದೆ.

"ಅದಕ್ಕೆ ಮುಂಚೆ ಒಂದ್ಸಲ ತೋರಿಸ್ತೀರಾ? ಮನೇಲಿರೋ ಫೋಟೋದಲ್ಲೆಲ್ಲ ನಿಂತಿದ್ದಾರೆ, ಇಲ್ಲಾ ಕೂತಿದ್ದಾರೆ. ನಡೆಯೋದು ಒಂದೂ ಇಲ್ಲ."

ಇಷ್ಟು ಸಣ್ಣ ಮಾತಿಗೆ ಇಲ್ಲ ಎನ್ನಲು ಎದೆ ಕಲ್ಲಾಗಿರಬೇಕು. ನಾನು ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ನಾಳೆ ಬನ್ನಿ ಅತ್ತಿಗೆ" ಎಂದೆ. ಸರ್ಕಾರಿ ಗುಮಾಸ್ತನ ಬಾಯಿಗೆ ಮೂವತ್ತು ವರ್ಷದಿಂದ ಅಂಟಿಕೊಂಡ ಮಾತು ಅದು. ಅವತ್ತು ಮಾತ್ರ ಅದನ್ನು ಆಡಲು ನಿಜವಾದ ಕಾರಣವಿತ್ತು.

ನಮ್ಮದು ಡಿಜಿಟಲ್ ಭದ್ರತೆ ಮತ್ತು ಖಾಸಗಿತನದ ಸಂಶೋಧನಾ ವಿಭಾಗ. ಎರಡನೆಯ ಮಹಡಿಯಲ್ಲಿ ಉದ್ದನೆಯ ಕಾರಿಡಾರ್, ಅದರ ತುದಿಯಲ್ಲಿ ಪ್ರಯೋಗಾಲಯ, ಪ್ರಯೋಗಾಲಯದ ಬಾಗಿಲ ಪಕ್ಕದಲ್ಲೇ ನನ್ನ ಮೇಜು. ಜನರ ಗುಟ್ಟು ಕಂಪ್ಯೂಟರಿನಿಂದ ಸೋರದಂತೆ ಮಾಡುವುದು ಹೇಗೆಂದು ಇಲ್ಲಿ ಹನ್ನೊಂದು ಜನ ಹಗಲೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ಪ್ರಯೋಗಕ್ಕಾಗಿ ತಮ್ಮ ದನಿಯನ್ನೋ ಬೆರಳಚ್ಚನ್ನೋ ಕೊಡುವವರು ಮೊದಲು ಒಂದು ಒಪ್ಪಿಗೆ ಪತ್ರ ತುಂಬಬೇಕು. ಆ ಪತ್ರಗಳಿರುವ ಬೀರುವಿನ ಕೀಲಿ ನನ್ನ ಸೊಂಟದಲ್ಲಿದೆ. ಪತ್ರದಲ್ಲಿ ಬರೆದ ಹಾಗೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವುದು, ಗಡುವು ಬಂದಾಗ ಮಾಹಿತಿಯನ್ನು ಅಳಿಸಿ ಷರಾ ಬರೆಯುವುದು, ಇಷ್ಟೇ ನನ್ನ ಉದ್ಯೋಗ.

ಅವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರುತ್ತಿದ್ದನೆಂದಲ್ಲ. ಮೂವತ್ತೊಂದು ವರ್ಷದ ಸೇವೆಯಲ್ಲಿ ಆ ಅಪವಾದ ಅವನ ಮೇಲೆ ಬಂದಿರಲಿಲ್ಲ. ನಡೆಯುವಾಗ ಗೋಡೆ ಗಡಿಯಾರದ ಲೋಲಕದ ಹಾಗೆ ತೂಗುತ್ತಿದ್ದ. ಬಲಗಾಲು ಹೊರಕ್ಕೆ ಬೀಸಿ ಹೋಗುತ್ತಿತ್ತು, ಸೊಂಟ ಅದರ ಹಿಂದೆ ಓಡುತ್ತಿತ್ತು, ಎಡಗೈ ತೊಡೆಗೆ ಅಂಟಿಕೊಂಡಿರುತ್ತಿತ್ತು. ಟಕ್ ಎಂದು ಒಂದು ಹೆಜ್ಜೆ, ಸರ್ರ್ ಎಂದು ಇನ್ನೊಂದು. ಅವನು ಕಾರಿಡಾರಿನ ಆ ತುದಿಯಲ್ಲಿರುವಾಗಲೇ ಈ ತುದಿಯಲ್ಲಿ ನಿದ್ದೆ ಮಾಡುತ್ತಿದ್ದವರು ಎಚ್ಚರಗೊಂಡು ಓದುವ ಮುಖ ಮಾಡುತ್ತಿದ್ದರು.

ಭದ್ರತೆಯ ವಿಷಯದಲ್ಲಿ ಅವನಷ್ಟು ತಿಳಿದವರು ವಿಭಾಗದಲ್ಲಿ ಇರಲಿಲ್ಲವೆಂದು ನಾನು ನಂಬಿದ್ದೇನೆ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬಾರದೆಂದು ಊರಿಗೆಲ್ಲ ಉಪನ್ಯಾಸ ಕೊಡುತ್ತಿದ್ದ ಪ್ರಾಧ್ಯಾಪಕರು ತಮ್ಮದನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿಕೊಂಡಿರುತ್ತಿದ್ದರು. ಗಡಿಯಾರ ಪ್ರತಿ ಶನಿವಾರ ಮೇಜು ಒರೆಸುವಾಗ ಆ ಚೀಟಿಗಳನ್ನೆಲ್ಲ ಕಿತ್ತು, ಒಂದೊಂದು ಲಕೋಟೆಗೆ ಹಾಕಿ, ಅವರವರ ಕೈಗೆ ಕೊಡುತ್ತಿದ್ದ. "ಮೇಡಂ, ತಮ್ಮದು ಈ ವಾರ ಮತ್ತೆ ಸಿಕ್ತು. ಹೋದ ವಾರದ್ದೇ ಚೆನ್ನಾಗಿತ್ತು."

ದಿನಾ ಹನ್ನೊಂದು ಗಂಟೆಗೆ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದ. ಪ್ಯಾಂಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಎರಡು ಕ್ರೀಮ್ ಬಿಸ್ಕತ್ತು ತೆಗೆದು ಒಂದನ್ನು ನನಗೆ ಕೊಡುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ. "ಒಂದೇ ತಿಂದ್ರೆ ಔಷಧಿ ಕಣಯ್ಯ ಗುಮಾಸ್ತಪ್ಪ, ಎರಡು ತಿಂದ್ರೆ ವಿಷ. ವಿಷ ನೀನು ತಿನ್ನು" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ವಿಷ ತಿಂದೆ. ಒಂದು ದಿನವೂ ಬಿಸ್ಕತ್ತು ಮುರಿದಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಮೇಡಂಗೆ, ಎಂದರೆ ವಿಭಾಗದ ಮುಖ್ಯಸ್ಥೆಗೆ, ಬಾಗಿಲಿನ ಯೋಜನೆ ಹೊಳೆಯಿತು. ಮುಖ ಬೇಡ, ಬೆರಳು ಬೇಡ, ಕಾರ್ಡು ಬೇಡ, ನಡೆದು ಬಂದರೆ ಸಾಕು, ನಡಿಗೆಯಿಂದಲೇ ಗುರುತು ಹಿಡಿದು ಬಾಗಿಲು ತಾನೇ ತೆರೆದುಕೊಳ್ಳಬೇಕು. ಕ್ಯಾಮೆರಾ ಮೈಯ ಕೀಲುಗಳಿಗೆ ಹದಿನೇಳು ಚುಕ್ಕಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ಮರೆತುಬಿಡುತ್ತದೆ. ಮುಖ ಇಲ್ಲ, ಬಟ್ಟೆ ಇಲ್ಲ, ಹೊಟ್ಟೆಯೂ ಇಲ್ಲ. ಬರೀ ಚುಕ್ಕಿಯಿಂದ ಯಾರ ಗುಟ್ಟೂ ರಟ್ಟಾಗುವುದಿಲ್ಲ ಎಂಬುದು ಮೇಡಂ ಸಿದ್ಧಾಂತ. ಅದರ ಮೇಲೆ ಹದಿನಾಲ್ಕು ಪ್ರಬಂಧ ಬರೆದಿದ್ದರು.

ಯಂತ್ರಕ್ಕೆ ನಡಿಗೆ ಕಲಿಸಲು ಆರು ತಿಂಗಳು ಕಾರಿಡಾರಿನಲ್ಲಿ ಓಡಾಡಿದವರಲ್ಲಿ ಒಪ್ಪಿಗೆ ಕೊಟ್ಟವರನ್ನೆಲ್ಲ ದಾಖಲಿಸಿದರು. ಒಟ್ಟು ಹನ್ನೊಂದು ಸಾವಿರ ಸಲ ಜನ ನಡೆದದ್ದು ಸಿಕ್ಕಿತು. ಬಾಗಿಲಿಗೆ ಎಲ್ಲ ತುಂಬಿಸಿ ಆದಮೇಲೆ, ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಒಂಬತ್ತು ಸಾವಿರದ ಮುನ್ನೂರು ಗಡಿಯಾರನದೇ! ನಡಿಗೆಯ ಮೇಲೆ ಸಂಶೋಧನೆ ಮಾಡುವವರು ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವರಿಗೆ ನೀರು, ಟೀ, ಕಡತ, ಮರೆತು ಬಂದ ಕನ್ನಡಕ ಎಲ್ಲವನ್ನೂ ತಂದುಕೊಡುತ್ತಿದ್ದವನು ಅವನೊಬ್ಬನೇ. ಬಾಗಿಲು ಪಾಪ ಏನು ಮಾಡೀತು? ಮನುಷ್ಯ ಎಂದರೆ ಗಡಿಯಾರ, ಉಳಿದವರೆಲ್ಲ ಏನೋ ಹೆಚ್ಚುಕಮ್ಮಿ ಆದವರು ಎಂದು ತಿಳಿದುಕೊಂಡಿತು.

ಉದ್ಘಾಟನೆಗೆ ಕುಲಪತಿಗಳು ಬಂದರು. ಗಂಭೀರವಾಗಿ ನಡೆದರು. ಬಾಗಿಲು ತೆರೆಯಲಿಲ್ಲ. ಹಿಂದೆ ಹೋಗಿ ಮತ್ತೆ ನಡೆದರು. ಮೇಡಂ ನಡೆದರು, ಹುಡುಗಿ ನಡೆದಳು, ಕುಲಪತಿಗಳ ಚಾಲಕನೂ ಒಂದು ಕೈ ನೋಡಿದ. ಅಷ್ಟರಲ್ಲಿ ಬಲಗೈಯಲ್ಲಿ ಫ್ಲಾಸ್ಕು ಹಿಡಿದು ಗಡಿಯಾರ ಬಂದ. ಟಕ್, ಸರ್ರ್, ಟಕ್, ಸರ್ರ್. ಹಸಿರು ದೀಪ ಹತ್ತಿತು, ಬಾಗಿಲು ಅಂಗಳದಷ್ಟು ಅಗಲ ತೆರೆದುಕೊಂಡಿತು. ಅವನು ಪಕ್ಕಕ್ಕೆ ನಿಂತು, "ಬನ್ನಿ ಸಾರ್, ನಮ್ಮದೇ ಮನೆ ಅಂದ್ಕೊಳ್ಳಿ" ಎಂದ.

ಅವನನ್ನು ಬಿಟ್ಟರೆ ಬಾಗಿಲು ಮರ್ಯಾದೆ ಕೊಡುತ್ತಿದ್ದದ್ದು ನೀರಿನ ಕ್ಯಾನ್ ತರುವವನಿಗೆ ಮಾತ್ರ. ಎಡ ಹೆಗಲ ಮೇಲೆ ಕ್ಯಾನ್ ಹೊತ್ತು, ಎಡಗೈಯಲ್ಲಿ ಅದನ್ನು ಅಲುಗದಂತೆ ಹಿಡಿದು, ಭಾರಕ್ಕೆ ಬಲಗಾಲು ಹೊರಗೆ ಎಸೆಯುತ್ತ ಬರುತ್ತಿದ್ದ. ಕ್ಯಾನ್ ಇಳಿಸಿ ಹೊರಗೆ ಹೋದವನು ಖಾಲಿ ಕೈಯಲ್ಲಿ ಮರಳಿ ಬಂದರೆ ಅವನನ್ನೂ ಬಿಡುತ್ತಿರಲಿಲ್ಲ.

ಬೇರೆಯವರಾಗಿದ್ದರೆ ತಪ್ಪನ್ನು ಸರಿಪಡಿಸುತ್ತಿದ್ದರು. ನಮ್ಮವರು ಅದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಬಾಗಿಲು ಹಾಗೇ ಇರಲಿ, ಒಬ್ಬನ ನಡಿಗೆಯನ್ನು ಇನ್ನೊಬ್ಬರು ಕಲಿತು ಯಂತ್ರವನ್ನು ಎಷ್ಟು ಸುಲಭವಾಗಿ ಮೋಸ ಮಾಡಬಹುದೆಂದು ನೋಡೋಣ ಎಂದರು ಮೇಡಂ. ಹುಡುಗಿಗೆ ಪಿಎಚ್‌ಡಿ ವಿಷಯ ಸಿಕ್ಕಿತು, ಗಡಿಯಾರನಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ದಿನಾ ಹತ್ತೂವರೆಗೆ ಕಾರಿಡಾರಿನಲ್ಲಿ ಪಾಠ.

"ಬಲಗಾಲು ಕೋಪ ಮಾಡ್ಕೊಂಡು ಮನೆ ಬಿಟ್ಟು ಹೋಗ್ಬೇಕು. ಸೊಂಟ ಹಿಂದೆ ಹೋಗಿ ಸಮಾಧಾನ ಮಾಡಿ ಕರ್ಕೊಂಡು ಬರ್ಬೇಕು. ಮೇಡಂ, ನಿಮ್ಮ ಕಾಲು ಕೋಪಾನೇ ಮಾಡ್ಕೊಳ್ತಿಲ್ಲ. ಸಂಬಳ ತಡ ಆಗಿದೆ ಅಂತ ಅಂದ್ಕೊಳ್ಳಿ."

"ಎಡಗೈ ಏನು ಮಾಡ್ಬೇಕು ಗಡಿಯಾರಣ್ಣ?" ಎಂದು ಹುಡುಗಿ ಕೇಳಿದಳು.

"ಎಡಗೈ ತಂಟೆಗೆ ಹೋಗ್ಬೇಡಮ್ಮ. ಅದರ ಪಾಡಿಗೆ ಅದು ಸುಮ್ನಿರುತ್ತೆ."

ಮೊದಲು ಕಲಿತವನು ನಾನು. ಮೂರೇ ದಿನದಲ್ಲಿ ಬಾಗಿಲು ನನ್ನನ್ನು ಅವನೆಂದೇ ನಂಬಿತು. "ನೋಡು, ಇಷ್ಟು ವರ್ಷ ಓದಿ ಬರೆದು ಕೊನೆಗೆ ಅಟೆಂಡರ್ ಆದೆ" ಎಂದು ಅವನು ನನ್ನ ಬೆನ್ನು ತಟ್ಟಿದ.

ಈಗ ಆ ಒಪ್ಪಿಗೆ ಪತ್ರದ ವಿಷಯ. ಎಲ್ಲರೂ ಓದದೆ ಎರಡು ನಿಮಿಷದಲ್ಲಿ ಸಹಿ ಹಾಕುವ ಕಾಗದವನ್ನು ಗಡಿಯಾರ ನಲವತ್ತು ನಿಮಿಷ, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ತುಂಬಿದ್ದ. ಮಾಹಿತಿಯನ್ನು ಯಾವಾಗ ಅಳಿಸಬೇಕು ಎಂಬಲ್ಲಿ ಎಲ್ಲರೂ ಐದು ವರ್ಷ ಎಂದು ಬರೆಯುತ್ತಾರೆ. ಇವನು 'ನಾನು ಸತ್ತ ಮೂವತ್ತು ದಿನಕ್ಕೆ' ಎಂದು ಬರೆದ. "ಸತ್ತೋನು ಒಳಗೆ ಓಡಾಡ್ತಾ ಇದ್ರೆ ಕಾವಲುಗಾರ ಹೆದರ್ಕೋತಾನೆ" ಎಂದು ಕಾರಣ ಕೊಟ್ಟ. ಯಾರಿಗೆ ತೋರಿಸಬಾರದು ಎಂಬಲ್ಲಿ ಸಾಮಾನ್ಯವಾಗಿ ಜನ ಪೊಲೀಸರು ಎಂದೋ ವಿಮೆಯವರು ಎಂದೋ ಬರೆಯುತ್ತಾರೆ. ಅವನು ಬರೆದದ್ದು ಎರಡೇ ಪದ: 'ನನ್ನ ಹೆಂಡತಿಗೆ.'

ಮೇಡಂ ನಕ್ಕುಬಿಟ್ಟಿದ್ದರು. "ಬರೀ ಚುಕ್ಕಿ ಕಣಪ್ಪಾ! ಅದರಲ್ಲಿ ಅವರಿಗೆ ಏನು ಗೊತ್ತಾಗುತ್ತೆ?"

"ನೀವು ಕಂಪ್ಯೂಟರ್ ಓದಿದೋರು ಮೇಡಂ. ಅವಳು ನನ್ನ ಓದಿದೋಳು. ಇರ್ಲಿ ಬಿಡಿ, ಹಾಗೇ ಇರ್ಲಿ."

ಹೋದ ತಿಂಗಳು ಅವನಿಗೆ ಜ್ವರ ಬಂತು. ನ್ಯುಮೋನಿಯಾ ಎಂದರು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ನಾನು ಕೊನೆಯ ಸಲ ನೋಡಿದಾಗ ಮೂಗಿನಲ್ಲಿ ಕೊಳವೆ ಇತ್ತು. ಅದನ್ನು ತೋರಿಸಿ, "ಪಾಸ್‌ವರ್ಡ್ ಕೇಳ್ತಿದ್ದಾರೆ ಕಣಯ್ಯ, ನೆನಪಾಗ್ತಿಲ್ಲ" ಎಂದ. ನಾನು ನಕ್ಕೆ. ಮನೆಗೆ ಹೋಗುವ ಬಸ್ಸಿನಲ್ಲಿ ಅಳು ಬಂತು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಆ ಬುಧವಾರ ಅತ್ತಿಗೆ ಹೋದಮೇಲೆ ನಾನು ಬೀರು ತೆಗೆದು ಅವನ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಆ ಎರಡು ಪದದ ಮೇಲೆ ಟೀ ಚೆಲ್ಲಿದರೆ ಹೇಗೆ ಎಂದು ಯೋಚಿಸಿದೆ. ಗಡಿಯಾರನ ಟೀಗೆ ಎಷ್ಟೋ ಕಡತ ಬಲಿಯಾಗಿದ್ದವು, ಇನ್ನೊಂದಾದರೆ ಯಾರೂ ಕೇಳುತ್ತಿರಲಿಲ್ಲ. ಲೋಟವನ್ನು ಕಾಗದದ ಅಂಚಿನವರೆಗೆ ತಂದೂ ಇದ್ದೆ. ಆದರೆ ಅವನು ಈ ಲೋಕದಲ್ಲಿ ಬರೆದಿಟ್ಟು ಹೋದ ಮಾತು ಅದೊಂದೇ. ಅದನ್ನು ಕಾಯಲೆಂದು ಸಂಬಳ ತೆಗೆದುಕೊಳ್ಳುವವನು ನಾನೊಬ್ಬನೇ. ಟೀ ಕುಡಿದು ಪತ್ರವನ್ನು ಒಳಗಿಟ್ಟೆ.

ಗುರುವಾರ ಹನ್ನೊಂದಕ್ಕೆ ಅತ್ತಿಗೆ ಬಂದರು. ಮೇಡಂ, ಹುಡುಗಿ ಇಬ್ಬರೂ ಅಲ್ಲೇ ಇದ್ದರು. ನಾನು ಸುಳ್ಳು ಹೇಳಲಾರದೆ ಆ ಸಾಲನ್ನು ಓದಿದೆ.

"ನನಗಾ? ನನಗೊಬ್ಬಳಿಗೇನಾ?"

"ಹೌದು ಅತ್ತಿಗೆ."

"ಪೊಲೀಸರಿಗೆ ತೋರಿಸ್ಬಹುದು?"

"ಹಾಗೆ ನೋಡಿದ್ರೆ... ಬರೆದಿಲ್ಲ."

"ಬೀದಿ ನಾಯಿಗೆ?"

"ನಾಯಿ ಬಗ್ಗೆ ಏನೂ ಹೇಳಿಲ್ಲ."

"ಮೂವತ್ತ್ಮೂರು ವರ್ಷ ಸಂಸಾರ ಮಾಡಿದ್ದೀನಿ. ನಾನು ನಾಯಿಗಿಂತ ಕಡೆ ಆದೆನಾ?" ಎಂದರು. ಕೋಪದಲ್ಲಿ ಶುರುವಾದ ಮಾತು ಕೊನೆಯ ಪದಕ್ಕೆ ಬರುವಾಗ ಒದ್ದೆಯಾಗಿತ್ತು. ಕರವಸ್ತ್ರ ಹುಡುಕಿದರು. ನಾವು ಮೂವರೂ ಮೂರು ಗೋಡೆ ನೋಡಿದೆವು.

ಹುಡುಗಿ ನನ್ನ ಕಡೆ ಕೈ ತೋರಿಸಿ ಮೆಲ್ಲಗೆ, "ಮೇಡಂ, ಮಾಹಿತಿ ತೋರಿಸೋ ಹಾಗಿಲ್ಲ, ಸರಿ. ಆದ್ರೆ ಸಾರ್ ನಡೆದು ತೋರಿಸ್ಬಹುದಲ್ಲ? ಸಾರ್ ನಡೆದ್ರೆ ಬಾಗಿಲಿಗೇ ವ್ಯತ್ಯಾಸ ಗೊತ್ತಾಗಲ್ಲ" ಎಂದಳು.

ಮೇಡಂ ಕನ್ನಡಕ ತೆಗೆದು ಒರೆಸಿ ಯೋಚಿಸಿದರು. "ಗುಮಾಸ್ತರ ಕಾಲು ಗುಮಾಸ್ತರದು. ಅದಕ್ಕೆ ನಮ್ಮ ಪತ್ರ ಅನ್ವಯಿಸಲ್ಲ" ಎಂದು ತೀರ್ಪು ಕೊಟ್ಟರು.

ನನಗೆ ಐವತ್ತೆಂಟು. ಎರಡೂ ಮಂಡಿ ಕಿರ್ರ್ ಎನ್ನುತ್ತವೆ. ಅತ್ತಿಗೆಯನ್ನು ಬಾಗಿಲ ಹತ್ತಿರ ನಿಲ್ಲಿಸಿ ಕಾರಿಡಾರಿನ ಆ ತುದಿಗೆ ಹೋದೆ. ಬಲಗೈಯಲ್ಲಿ ಫ್ಲಾಸ್ಕು ಹಿಡಿದೆ. ಬಲಗಾಲಿಗೆ ಕೋಪ ಬರಿಸಿದೆ. ಟಕ್, ಸರ್ರ್.

ಹತ್ತು ಹೆಜ್ಜೆಗೆ ಅತ್ತಿಗೆ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಥೇಟ್ ಅವರೇ! ಆ ಸೊಂಟ ನೋಡು, ಆ ಸೊಂಟ!" ಎಂದು ಪಕ್ಕದಲ್ಲಿದ್ದ ಮೇಡಂ ತೋಳು ಹಿಡಿದು ಅಲ್ಲಾಡಿಸಿದರು. ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು.

"ಇನ್ನೊಂದ್ಸಲ."

ಇನ್ನೊಂದು ಸಲ ನಡೆದೆ. ಅಳುತ್ತ ನಕ್ಕರು. ಮೂರನೆಯ ಸಲ ನಡೆಯುವಾಗ ನಗು ನಿಂತಿತು. ಕಣ್ಣು ಕಿರಿದು ಮಾಡಿ, ಅಂಗಡಿಯಲ್ಲಿ ತಕ್ಕಡಿ ನೋಡುವವರ ಹಾಗೆ ನನ್ನನ್ನೇ ನೋಡಿದರು.

"ನಿಲ್ಲಿ. ಎಡಗೈಗೆ ಏನಾಗಿದೆ?"

"ಏನೂ ಆಗಿಲ್ಲ ಅತ್ತಿಗೆ. ಅವನು ನಡೀತಿದ್ದದ್ದೇ ಹೀಗೆ."

"ಮನೇಲಿ ಹಾಗೆ ನಡೀತಿರಲಿಲ್ಲ. ಎರಡೂ ಕೈ ಬೀಸ್ಕೊಂಡೇ ಓಡಾಡ್ತಿದ್ರು. ಎಷ್ಟು ಹೂಕುಂಡ ಬೀಳ್ಸಿದ್ದಾರೆ ಅಂತ ನನ್ನ ಕೇಳಿ. ಇಲ್ಲಿ ಮಾತ್ರ ಯಾಕೆ ಕೈ ಅಂಟಿಸ್ಕೊಂಡು..." ಅರ್ಧಕ್ಕೆ ನಿಲ್ಲಿಸಿದರು. "ಎಡಗಡೆ ಜೇಬಲ್ಲಿ ಏನಿಟ್ಕೊಳ್ತಿದ್ರು?"

ನಾನು ನನ್ನ ಎಡಗೈ ನೋಡಿಕೊಂಡೆ. ಬಿಸ್ಕತ್ತು ಎಂದೂ ಮುರಿಯದೆ ಬರುತ್ತಿದ್ದದ್ದು ಹೇಗೆಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

"ಹೇಳಿ."

"ಬಿಸ್ಕತ್ತು."

"ಯಾವ ಬಿಸ್ಕತ್ತು?"

"ಕ್ರೀಮ್."

"ಸಿಕ್ಕಿಬಿದ್ರು!" ಎಂದು ಅತ್ತಿಗೆ ಚಪ್ಪಾಳೆ ತಟ್ಟಿದ ಸದ್ದಿಗೆ ಪಕ್ಕದ ಕೋಣೆಯಿಂದ ಇಬ್ಬರು ಹೊರಗೆ ಬಂದರು. "ಎಂಟು ವರ್ಷ! ಎಂಟು ವರ್ಷದಿಂದ ಸಕ್ಕರೆ ಇಳೀತಾ ಇರಲಿಲ್ಲ. ಮಾತ್ರೆ ಸರಿ ಇಲ್ಲ ಅಂತ ಇಬ್ಬರು ಡಾಕ್ಟರನ್ನ ಬದಲಾಯಿಸ್ದೆ. ದಿನಾ ಜೇಬು ಮಗುಚಿ ನೋಡ್ತಿದ್ದೆ, ಒಂದು ಚೂರು ಪುಡಿ ಇರ್ತಿರಲಿಲ್ಲ. ಮನೆಗೆ ಬರೋ ಮುಂಚೆ ಕೊಡವಿಕೊಂಡು ಬರ್ತಿದ್ರು ಅನ್ಸುತ್ತೆ, ಕಳ್ಳ! ದಿನಕ್ಕೆಷ್ಟು?"

"ಎರಡು. ಅದ್ರಲ್ಲಿ ಒಂದು ನನಗೆ."

"ಓಹೋ. ನೀವೂ ಪಾಲುದಾರರು."

ಆಮೇಲೆ ನೆಲ ನೋಡುತ್ತ, "ಹೋಗ್ಲಿ. ಜ್ವರಕ್ಕೂ ಬಿಸ್ಕತ್ತಿಗೂ ಸಂಬಂಧ ಇಲ್ಲ ಅಂತ ಡಾಕ್ಟರ್ ಹೇಳಿದ್ರು" ಎಂದರು. ನಾನು ಕೇಳಿರಲಿಲ್ಲ. ಕೇಳಲು ಧೈರ್ಯವಿಲ್ಲದೆ ಒಂದು ತಿಂಗಳು ಒದ್ದಾಡಿದ್ದೆ ಎಂಬುದು ಅವರಿಗೆ ಹೇಗೆ ತಿಳಿಯಿತೋ.

ಇತ್ತ ಮೇಡಂ ನೀರಿನ ಖಾಲಿ ಕ್ಯಾನ್ ಮೇಲೆ ಕುಳಿತುಬಿಟ್ಟಿದ್ದರು. ಹದಿನಾಲ್ಕು ಪ್ರಬಂಧ ನೆಲಕ್ಕೆ ಬಿದ್ದಿತ್ತು. ಚುಕ್ಕಿ ನೋಡದೆ, ಚುಕ್ಕಿಯ ಯಜಮಾನನನ್ನೂ ನೋಡದೆ, ಅವನನ್ನು ಅನುಕರಿಸಿದ ಗುಮಾಸ್ತನನ್ನು ನೋಡಿ ಒಬ್ಬರು ಸತ್ತವನ ರೋಗ, ತಿಂಡಿ, ಜೇಬು ಎಲ್ಲ ಹೇಳಿಬಿಟ್ಟರಲ್ಲ! ಅವರು ದುಃಖದಲ್ಲಿದ್ದಾರೆಂದು ನಾನು ತಿಳಿದೆ. ತಲೆಯೆತ್ತಿದರೆ ಮುಖ ಹಬ್ಬಿದ ನಗು.

"ಅಮ್ಮಾ, ನೀವು ನಮ್ಮ ಮುಂದಿನ ಪ್ರಯೋಗಕ್ಕೆ ಬರ್ತೀರಾ?"

ಅತ್ತಿಗೆ ಬರುತ್ತೇನೆಂದರು. ಒಪ್ಪಿಗೆ ಪತ್ರ ಕೊಟ್ಟೆ. ಅವರೂ ಒಂದೊಂದು ಸಾಲನ್ನು ಗಟ್ಟಿಯಾಗಿ ಓದಿದರು, ಆ ಮನೆಯಲ್ಲಿ ಕಾಗದ ಓದುವ ಕ್ರಮವೇ ಅದು ಎಂದು ಕಾಣುತ್ತದೆ. ಯಾರಿಗೆ ತೋರಿಸಬಾರದು ಎಂಬಲ್ಲಿಗೆ ಬಂದಾಗ ಮಾತ್ರ ದನಿ ತಗ್ಗಿಸಿ, ಕೈ ಮರೆ ಮಾಡಿ ಬರೆದರು. ಪತ್ರ ನನ್ನ ಕೈಗೆ ಬಂದಾಗ ನೋಡಿದೆ. 'ನನ್ನ ಗಂಡನಿಗೆ.'

"ಅವನಿಂದ ಏನು ಮುಚ್ಚಿಡ್ತೀರಿ ಅತ್ತಿಗೆ?"

"ಅದನ್ನ ನಿಮಗೆ ಹೇಳೋದಾದ್ರೆ ಫಾರಂ ಯಾಕೆ?" ಎಂದು ಎದ್ದರು. ಮೆಟ್ಟಿಲವರೆಗೆ ಹೋಗಿ ತಿರುಗಿ, "ಸೋಮವಾರ ಒಂದು ಪೊಟ್ಟಣ ಕಳಿಸ್ತೀನಿ. ಹನ್ನೊಂದಕ್ಕೆ ತಿನ್ನಿ. ಒಬ್ಬರೇ ತಿನ್ಬೇಡಿ" ಎಂದರು.

ಶುಕ್ರವಾರ ಸಂಜೆ ನಾಲ್ಕಕ್ಕೆ ಅಳಿಸಲು ಕುಳಿತೆ. ಅಳಿಸುವವನು ಒಮ್ಮೆ ತೆರೆದು ಸರಿಯಾದದ್ದೇ ಎಂದು ಖಚಿತ ಮಾಡಿಕೊಳ್ಳಬೇಕೆಂದು ನಿಯಮವಿದೆ. ಹನ್ನೊಂದು ಗಂಟೆಯ ಒಂದು ದಾಖಲೆ ತೆರೆದೆ. ಕಪ್ಪು ಪರದೆಯ ಮೇಲೆ ಹದಿನೇಳು ಬಿಳಿ ಚುಕ್ಕಿ ತೂಗುತ್ತ ಬಂದವು, ನನ್ನ ಮೇಜಿರುವ ಕಡೆ ನಿಂತವು. ಎಡಗೈಯ ಚುಕ್ಕಿ ಜೇಬಿಗೆ ಹೋಗಿ ಹೊರಗೆ ಬಂದು ಮುಂದಕ್ಕೆ ಚಾಚಿತು. ಎದುರಿಗೆ ಯಾರೂ ಇರಲಿಲ್ಲ. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರಲಿಲ್ಲವಾದ್ದರಿಂದ ಯಂತ್ರ ನನ್ನನ್ನು ತೆಗೆದುಹಾಕಿತ್ತು. ಕತ್ತಲೆಗೆ ಬಿಸ್ಕತ್ತು ಕೊಡುತ್ತ ಅವನು ಸ್ವಲ್ಪ ಹೊತ್ತು ನಿಂತಿದ್ದ.

ಯಂತ್ರ ಖಚಿತವೇ ಎಂದು ಮೂರು ಸಲ ಕೇಳಿತು. ಮೂರು ಸಲವೂ ಹೌದು ಎಂದು ಒತ್ತಿದೆ. ಬಾಗಿಲು ಅವನಿಂದ ಕಲಿತದ್ದೂ ಅದರ ಜೊತೆಗೇ ಅಳಿಯಿತು. ಷರಾ ಬರೆದೆ.

ಸೋಮವಾರ ಬೆಳಿಗ್ಗೆ ಬಾಗಿಲ ಮುಂದೆ ನೀರಿನವನು ಕ್ಯಾನ್ ಹೊತ್ತು ಹಿಂದೆ ಮುಂದೆ ನಡೆಯುತ್ತಿದ್ದ. ಬೆವರಿ ಹೋಗಿದ್ದ.

"ಏನ್ ಸಾರ್ ಇದು, ನನ್ನ ಮರೆತುಬಿಡ್ತಾ?"

"ನಿನ್ನನ್ನ ಅದು ಯಾವತ್ತೂ ನೋಡೇ ಇಲ್ಲ ಮಾರಾಯ. ಇಳಿಸು, ಬಾ ಕೂತ್ಕೋ."

ಸೊಂಟದ ಗೊಂಚಲಿನಲ್ಲಿ ಬಾಗಿಲಿನ ಹಳೆಯ ಕೀಲಿ ಹುಡುಕಿ ಅವನನ್ನು ಒಳಗೆ ಬಿಟ್ಟೆ. ಹೊರಬಂದವನನ್ನು ನನ್ನ ಮೇಜಿನ ಎದುರು ಕೂರಿಸಿದೆ. ಅತ್ತಿಗೆ ಕಳಿಸಿದ ಪೊಟ್ಟಣ ಕೆಳಗೆ ಕಾವಲುಗಾರನ ಹತ್ತಿರ ಸಿಕ್ಕಿತ್ತು. ಅದರಿಂದ ಎರಡನ್ನು ಕಾಗದದಲ್ಲಿ ಸುತ್ತಿ ಎಡಜೇಬಿನಲ್ಲಿಟ್ಟುಕೊಂಡು, ಕೈ ಅಂಟಿಸಿಕೊಂಡು, ಎರಡು ಮಹಡಿ ಹತ್ತಿ ಬಂದಿದ್ದೆ. ಹನ್ನೊಂದಾಗಿತ್ತು. ತೆಗೆದು ಬಿಚ್ಚಿದೆ.

ಎರಡೂ ಪುಡಿಪುಡಿ. ಕಾಗದದ ಮೇಲೆ ಹರಡಿಕೊಂಡು ಇಬ್ಬರೂ ಬೆರಳಲ್ಲಿ ಒತ್ತಿ ಒತ್ತಿ ತಿಂದೆವು.